ಮಾಸ್ಟರ್ ಪ್ಲಾನ್ ಮ್ಯಾಪಲ್ಲಿ ಪಾರ್ಕು, ಜಾಗದಲ್ಲಿ ಪಿಜಿ ಬಿಲ್ಡಿಂಗು – ಯಾಕೆ ಹೀಗೆ?

ಹೊರಮಾವು ನಿವಾಸಿ:
ನಮಸ್ಕಾರ ಎಲ್ರಿಗೂ. ಬೆಂಗಳೂರಲ್ಲಿ ಹೊರಮಾವು ಕಡೆ ಮನೆ ಕಟ್ಟಿ ಎಂಟು ವರ್ಷ ಆಯ್ತು. ಸೈಟ್ ತಗೊಳೋವಾಗ ಆರ್‌ಎಂಪಿ 2015, ಅಂದ್ರೆ 2015ನೇ ಇಸ್ವಿವರೆಗೆ ಅಂತ ಮಾಡಿದ ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್, ಅದರ ಮ್ಯಾಪ್ ತೆಗೆದು ನೋಡಿದ್ದೆ, ನಮ್ಮ ಬೀದಿ ತುದೀಲಿ ಹಸಿರು ಬಣ್ಣ ಇತ್ತು, ಅಂದ್ರೆ ಪಾರ್ಕು, ಅದನ್ನ ನೋಡೇ ಮನೇಲಿ ಎಲ್ರೂ ಒಪ್ಪಿದ್ದು. ಈಗ ಅಲ್ಲಿದ್ದ ಹುಣಸೆಮರ ಕಡಿದು ಪಾಯ ತೆಗ್ದು ನಾಲ್ಕಂತಸ್ತಿನ ಪಿಜಿ ಎದ್ದಿದೆ. ಮಗಳು ರಸ್ತೇಲೇ ಸೈಕಲ್ ಕಲೀತಿದಾಳೆ, ವಾಟರ್ ಟ್ಯಾಂಕರ್ ಬಂದ್ರೆ ಸೈಕಲ್ ಬಿಟ್ಟು ಗೇಟಿಗೆ ಅಂಟ್ಕೊಂಡು ನಿಲ್ತಾಳೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಪಾರ್ಕಿನ ಜಾಗದಲ್ಲಿ ಕಟ್ಟೋಕೆ ಹೇಗೆ ಸಾಧ್ಯ, ಗೊತ್ತಿರೋರು ಹೇಳಿ.

ನಕ್ಷೆ ಮಾಮ:
ನಾನು ಲೇಔಟ್ ಡ್ರಾಯಿಂಗ್ ಕೆಲಸ ಮಾಡಿದವನು. ಮ್ಯಾಪಲ್ಲಿ ಹಸಿರು ಬಳಿದ ತಕ್ಷಣ ಜಾಗ ಸರ್ಕಾರದ್ದಾಗಲ್ಲ ಸಾರ್, ಪಹಣೀಲಿ ಯಾರ ಹೆಸ್ರಿದೆಯೋ ಅವರದ್ದೇ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಸೆಕ್ಷನ್ 69 ಓದಿ, ಪಾರ್ಕು, ಆಟದ ಮೈದಾನ ಅಂತ ಗುರ್ತು ಹಾಕಿದ ಖಾಸಗಿ ಜಾಗನ 5 ವರ್ಷದೊಳಗೆ ಕೊಂಡ್ಕೊಳ್ಳದೆ, ಭೂಸ್ವಾಧೀನನೂ ಶುರು ಮಾಡದಿದ್ರೆ ಆ ಗುರ್ತು ರದ್ದಾಗುತ್ತೆ. ಆರ್‌ಎಂಪಿ 2015ಕ್ಕೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ, ಅಂದ್ರೆ 2012ಕ್ಕೇ ಗಡುವು ಮುಗೀತು. ನೀವು ಸೈಟ್ ತಗೊಳೋ ಹೊತ್ತಿಗೆ ಆ ಹಸಿರು ಬರೀ ಕಾಗದದ ಮೇಲೆ ಉಳಿದಿದ್ದಿರಬಹುದು. ಅಥವಾ ಸೆಕ್ಷನ್ 14ಎ ಕೆಳಗೆ ಜಮೀನಿನವರು ಭೂ ಉಪಯೋಗ ಬದಲಾವಣೆ, ಅಂದ್ರೆ ಪಾರ್ಕು ಅಂತಿದ್ದ ಜಾಗನ ಬೇರೆ ಬಳಕೆಗೆ ಅಂತ, ಮಾಡಿಸ್ಕೊಂಡಿರಬಹುದು. ಪ್ಲಾನ್ ಬರೆಯೋರಿಗೆ ಪೆನ್ಸಿಲ್ ಕೊಡ್ತಾರೆ, ಜಾಗ ಕೊಳ್ಳೋಕೆ ದುಡ್ಡು ಕೊಡಲ್ಲ, ನನ್ನ ಪ್ರಕಾರ ಮೂಲ ರೋಗ ಇದೇ.

ತೋಟದ ಮನೆ:
ಜಮೀನಿನವರ ಕಡೆಯಿಂದಲೂ ಒಂದ್ಮಾತು. ನಮ್ಮ ತಾತನ ಜಮೀನು ಪೆರಿಫೆರಲ್ ರಿಂಗ್ ರೋಡ್, ಅಂದ್ರೆ ಬೆಂಗಳೂರಿನ ಹೊರಗೆ ಸುತ್ತಿ ಬರೋ ರಸ್ತೆಗೆ ಅಂತ ಎಳೆದ ಗೆರೆ ಒಳಗೆ ಬಂತು. ಮೊದಲ ನೋಟಿಫಿಕೇಷನ್ 2005ರದ್ದು, ಅಲ್ಲಿಂದ ಮಾರೋ ಹಾಗಿಲ್ಲ, ಮನೆ ಕಟ್ಟೋ ಹಾಗಿಲ್ಲ, ಬ್ಯಾಂಕ್ ಸಾಲನೂ ಹುಟ್ಟಲ್ಲ, ತಾತ ಪರಿಹಾರ ನೋಡ್ದೇನೇ ಹೋದ್ರು. ನೀವು ಪಾರ್ಕ್ ಹೋಯ್ತು ಅಂತೀರಿ, ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೆ ಆ 5 ವರ್ಷದ ನಿಯಮ ಇಲ್ದಿದ್ರೆ ಪಾರ್ಕು ಅಂತ ಗುರ್ತು ಹಾಕಿದ ಜಮೀನಿನವರೆಲ್ಲ ನಮ್ಮ ಹಾಗೇ ಇಡೀ ಆಯುಷ್ಯ ಕಾಯ್ತಾ ಕೂರ್ಬೇಕಾಗಿತ್ತು.

ಹೊರಮಾವು ನಿವಾಸಿ:
ಈ ಕಡೆಯಿಂದ ಯೋಚ್ನೆನೇ ಮಾಡಿರ್ಲಿಲ್ಲ, ಬರೆದಿದ್ದಕ್ಕೆ ಥ್ಯಾಂಕ್ಸ್. ಆದ್ರೆ ಹೊಸ ಪ್ಲಾನ್ ಬಂದಾಗ ಮತ್ತೆ ಪಾರ್ಕಿಗೆ ಜಾಗ ಇಡಲ್ವಾ?

ಕೆರೆ ಏರಿ:
ಹೊಸ ಪ್ಲಾನ್ ಎಲ್ಲಿದೆ ಅಣ್ಣ? 2031ರ ಕರಡು 2017ರಲ್ಲಿ ಬಂತು, ಜನ ರಾಶಿ ಆಕ್ಷೇಪಣೆ ಹಾಕಿದ್ರು, 2020ರಲ್ಲಿ ಅದನ್ನ ವಾಪಸ್ ತಗೊಂಡ್ರು. ಹಾಗಾಗಿ 2015ಕ್ಕೆ ಅಂತ ಬರೆದ ಮ್ಯಾಪ್ ಇಟ್ಕೊಂಡೇ ಆಮೇಲೂ ಕಟ್ಟಡಗಳ ಪ್ಲಾನ್ ಸ್ಯಾಂಕ್ಷನ್ ಮಾಡ್ತಾ ಬಂದ್ರು. ಅದ್ರಲ್ಲಿ ಕೆರೆ ಸುತ್ತ 30 ಮೀಟರ್ ಬಿಡ್ಬೇಕು ಅಂತಿದೆ, ನಮ್ಮ ಕೆರೆ ಹತ್ರ ಬಂದು ನೋಡಿ, ಕೋಡಿ ಪಕ್ಕದಲ್ಲೇ ಶೆಡ್ ಹಾಕಿ ಟೈಲ್ಸ್ ಅಂಗಡಿ ಇಟ್ಟಿದಾರೆ, ಮಳೆ ಬಂದ್ರೆ ಕೋಡಿ ನೀರು ಹೋಗೋಕೆ ದಾರಿ ಇಲ್ದೆ ಕೆಳಗಿನ ಬೀದಿ ಮನೆಗಳಿಗೆ ನುಗ್ಗುತ್ತೆ. ಸುಮ್ನೆ ಕೂರ್ಬೇಡಿ, ಆ ಪಿಜಿಗೆ ಸ್ಯಾಂಕ್ಷನ್ ಆದ ನಕ್ಷೆ ಮತ್ತೆ ಭೂ ಉಪಯೋಗ ಬದಲಾವಣೆ ಆದೇಶ, ಎರಡರ ಕಾಪಿನೂ ಆರ್‌ಟಿಐಲಿ ಕೇಳಿ.

ನಕ್ಷೆ ಮಾಮ:
ಅರ್ಜೀಲಿ ಮನೆ ವಿಳಾಸ ಬರೆದ್ರೆ ಸಾಲ್ದು, ಸರ್ವೇ ನಂಬರು, ಗ್ರಾಮ, ಹೋಬಳಿ ಹಾಕಿ. ಆರ್‌ಎಂಪೀಲಿ ಊರನ್ನ 47 ಭಾಗ ಮಾಡಿದಾರೆ, ಪ್ಲಾನಿಂಗ್ ಡಿಸ್ಟ್ರಿಕ್ಟ್ ಅಂತಾರೆ, ನಿಮ್ಮದು ಯಾವ್ದು ಅಂತ ನೋಡಿ ಆ ಶೀಟಿನ ಜೆರಾಕ್ಸ್ ಮೇಲೆ ಜಾಗನ ಕೆಂಪು ಪೆನ್ನಲ್ಲಿ ಗುರ್ತು ಮಾಡಿ ಲಗತ್ತಿಸಿ.