ಮನೆಗೆ ಡ್ರಿಪ್ ಕಾಫಿ ಯಂತ್ರ: ಸದಸ್ಯರ ಪ್ರಶ್ನೆಗಳು, ದುರಸ್ತಿಗಾರರ ಉತ್ತರಗಳು

ದುರಸ್ತಿಗಾರರು, ಬೆಳಗಾವಿ: ಎಲ್ಲ ಸದಸ್ಯರಿಗೂ ನಮಸ್ಕಾರ. ಮಿಕ್ಸರ್, ಗೀಜರ್, ಇಸ್ತ್ರಿಪೆಟ್ಟಿಗೆಗಳ ಜೊತೆಗೆ ಈಚಿನ ವರ್ಷಗಳಲ್ಲಿ, ಬಿಸಿನೀರನ್ನು ಪುಡಿಯ ಮೇಲೆ ತಾನೇ ಸುರಿದು ಡಿಕಾಕ್ಷನ್ ಇಳಿಸುವ ಡ್ರಿಪ್ ಕಾಫಿ ಯಂತ್ರಗಳೂ ನನ್ನ ಅಂಗಡಿಗೆ ದುರಸ್ತಿಗೆ ಬರತೊಡಗಿವೆ. ಗುಂಪಿನ ಹಿರಿಯರು ಕೇಳಿಕೊಂಡಿದ್ದರಿಂದ ಇಂದು ಸಂಜೆ ಯಂತ್ರದ ಆಯ್ಕೆ ಮತ್ತು ಬಳಕೆಯ ಬಗ್ಗೆ ಉತ್ತರಿಸುತ್ತೇನೆ. ನಿಮ್ಮ ಮನೆಗೆ ಬರುವ ನೀರು ಯಾವುದು, ಒಂದು ಸಲಕ್ಕೆ ಎಷ್ಟು ಮಂದಿಗೆ ಕಾಫಿ ಬೇಕು, ಹಾಲು ಬೆರೆಸಿ ಕುಡಿಯುವಿರೋ ಇಲ್ಲವೋ ಎಂಬುದನ್ನು ದಯವಿಟ್ಟು ಪ್ರಶ್ನೆಯ ಜೊತೆಗೇ ತಿಳಿಸಿರಿ. ಅದಿಲ್ಲದೆ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ.

ತಿಲಕವಾಡಿ, ಬೆಳಗಾವಿ: ಸರ್, ನಾವು ಮನೆಯಲ್ಲಿ ಇಬ್ಬರೇ ಇದ್ದೇವೆ. ನಲ್ಲಿಯ ನೀರು, ಹಾಲಿನ ಕಾಫಿ. ನಾಲ್ಕು ಕಪ್ಪಿನ ಯಂತ್ರಕ್ಕೂ ಹನ್ನೆರಡು ಕಪ್ಪಿನ ಯಂತ್ರಕ್ಕೂ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದ ಕಾರಣ ದೊಡ್ಡದನ್ನೇ ಒಯ್ಯಿರಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಬಂಧುಗಳು ಬಂದಾಗ ಅನುಕೂಲವಾಗುವುದಲ್ಲವೇ?

ದುರಸ್ತಿಗಾರರು: ಚಿಕ್ಕದನ್ನೇ ಕೊಳ್ಳಿರಿ. ದೊಡ್ಡ ಯಂತ್ರದಲ್ಲಿ ಪುಡಿ ಹಾಕುವ ಬುಟ್ಟಿ ಅಗಲವಾಗಿರುತ್ತದೆ. ಇಬ್ಬರಿಗೆ ಬೇಕಾಗುವಷ್ಟು ಪುಡಿ ಅದರಲ್ಲಿ ತೆಳ್ಳಗೆ ಹರಡಿಕೊಳ್ಳುವುದರಿಂದ ನೀರು ಪುಡಿಯ ಸಾರವನ್ನು ಎಳೆದುಕೊಳ್ಳುವ ಮೊದಲೇ ಕೆಳಗಿಳಿದುಬಿಡುತ್ತದೆ, ಡಿಕಾಕ್ಷನ್ ನೀರುನೀರಾಗುತ್ತದೆ. ಬಂಧುಗಳು ಬಂದ ದಿನ ಎರಡು ಸಲ ಹಾಕಿದರಾಯಿತು. ಇನ್ನೊಂದು ಮಾತು, ಯಂತ್ರದ ಮೇಲೆ ಬರೆದ ‘ಕಪ್’ ಎಂದರೆ ಸುಮಾರು 125ರಿಂದ 150 ಮಿಲಿಲೀಟರ್, ಹಾಲು ಬೆರೆಸದ ಕಪ್ಪು ಕಾಫಿಯ ಲೆಕ್ಕ. ಲೀಟರಿಗೆ 60 ಗ್ರಾಂ ಪುಡಿ ಎಂಬುದೂ ಕಪ್ಪು ಕಾಫಿಗೇ ಹೇಳಿದ ಅಳತೆ. ಹಾಲು ಬೆರೆಸುವವರು ಅದರ ಎರಡರಷ್ಟು ಪುಡಿ ಹಾಕಬೇಕು, ಇಲ್ಲವೇ ನೀರನ್ನು ಅರ್ಧಕ್ಕೆ ಇಳಿಸಬೇಕು. ಈ ಅಳತೆ ತಿಳಿಯದೆ ಯಂತ್ರದ ಕಾಫಿಗೆ ರುಚಿಯಿಲ್ಲವೆಂದು ಅದನ್ನು ಅಟ್ಟಕ್ಕೇರಿಸಿದ ಮನೆಗಳನ್ನು ನಾನು ಕಂಡಿದ್ದೇನೆ.

ಗೋಕಾಕ: ಯಾವ ಕಂಪನಿಯದು ಉತ್ತಮ ಎಂದು ತಿಳಿಸಿರಿ ಸರ್.

ದುರಸ್ತಿಗಾರರು: ಕಂಪನಿಯ ಹೆಸರು ಹೇಳುವುದಿಲ್ಲ. ನಿಮ್ಮ ಊರಿನಲ್ಲಿ ಯಾವುದರ ಬಿಡಿಭಾಗ ಸಿಗುತ್ತದೆಯೋ ಅದನ್ನು ಕೊಳ್ಳಿರಿ. ಗಾಜಿನ ಪಾತ್ರೆ ಒಡೆದರೆ ಬೇರೆ ಪಾತ್ರೆ ಎಲ್ಲಿ ಸಿಗುತ್ತದೆ ಎಂದು ಹಣ ಕೊಡುವ ಮೊದಲೇ ಕೇಳಿರಿ.

ನವನಗರ, ಬಾಗಲಕೋಟೆ: ಸರ್, ನಮ್ಮಲ್ಲಿ ಬೋರಿನ ನೀರೂ ಇದೆ, ಆರ್‌ಓ ಯಂತ್ರವೂ ಇದೆ. ಕಾಫಿಗೆ ಯಾವುದನ್ನು ಹಾಕಬೇಕು? ನಾಲ್ಕು ಜನ, ಹಾಲಿನ ಕಾಫಿ.

ದುರಸ್ತಿಗಾರರು: ಬೋರಿನ ನೀರು ಬೇಡ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು ನಳಿಕೆಯ ಒಳಮೈಗೆ ಬಿಳಿ ಹೊಪ್ಪಳೆಯಾಗಿ ಅಂಟಿಕೊಳ್ಳುತ್ತದೆ. ನಿಮ್ಮ ಗೀಜರಿನ ಕಾಯಿಲ್ ಬಿಚ್ಚಿಸಿದಾಗ ಕಂಡಿರುವಿರಲ್ಲ, ಅದೇ ಹೊಪ್ಪಳೆ. ಕಾಫಿ ಯಂತ್ರದ ನಳಿಕೆ ಕಿರುಬೆರಳಿಗಿಂತ ಹೆಚ್ಚು ದಪ್ಪವಿರುವುದಿಲ್ಲವಾದ್ದರಿಂದ ಅದು ಬೇಗ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬುದು ಒಪ್ಪತಕ್ಕ ಮಿತಿ. ಬೇರೆ ನೀರಿನ ಮೂಲವಿಲ್ಲದ ಕಡೆ 600ರ ತನಕ ಅವಕಾಶವಿದೆ. ಅಂದರೆ ಕುಡಿಯಲು ಯೋಗ್ಯವೆನಿಸಿಕೊಂಡ ನೀರು ಕೂಡ ಈ ಯಂತ್ರಕ್ಕೆ ಶತ್ರುವಾಗಿರಬಹುದು. ಆರ್‌ಓ ನೀರು ಹಾಕಿರಿ. ಅದರಿಂದ ರುಚಿ ತೀರ ಸಪ್ಪೆಯೆನಿಸಿದರೆ ನಾಲ್ಕನೆಯ ಒಂದು ಪಾಲು ನದಿ ನೀರು ಬೆರೆಸಿರಿ. ಬೆಳಗಾವಿಯಲ್ಲಿ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ನಲ್ಲಿಗೆ ಬರುವ ಮನೆಗಳ ಯಂತ್ರಗಳಿಗಿಂತ ಬೋರಿನ ನೀರು ಹಾಕಿದ ಯಂತ್ರಗಳೇ ನನ್ನ ಬಳಿಗೆ ಬೇಗ ಬರುತ್ತವೆ.

ಇಂಡಿ, ವಿಜಯಪುರ ಜಿಲ್ಲೆ: ಅಣ್ಣನವರೇ, ನಮ್ಮ ಯಂತ್ರ ಎರಡು ವರ್ಷ ಚೆನ್ನಾಗಿ ನಡೆದು ಒಂದು ದಿನ ಪೂರ್ತಿ ನಿಂತುಹೋಯಿತು. ಊರಿನಲ್ಲಿ ಒಬ್ಬರು ಅದನ್ನು ಬಿಚ್ಚಿ, ಕೊಳವೆಯಂಥ ಬಿಳಿ ಹೊದಿಕೆಯೊಳಗಿದ್ದ ಚಿಕ್ಕ ತುಂಡೊಂದು ಸುಟ್ಟಿದೆಯೆಂದು ತೋರಿಸಿ, ಅದನ್ನು ತೆಗೆದುಹಾಕಿ ತಂತಿಗಳನ್ನು ನೇರವಾಗಿ ಕೂಡಿಸಿಕೊಟ್ಟರು. ಈಗ ನಡೆಯುತ್ತಿದೆ. ಆದರೆ ಕೆಳಗಿನ ಬಿಸಿ ತಟ್ಟೆ ಮೊದಲಿಗಿಂತ ಹೆಚ್ಚು ಕಾಯುತ್ತದೆ, ಒಮ್ಮೊಮ್ಮೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಬೆಳಗಿನ ಐದಕ್ಕೆ ನಮ್ಮ ಅತ್ತೆಯವರು ಒಬ್ಬರೇ ಎದ್ದು ಇದನ್ನು ಹಚ್ಚಿ ಪೂಜೆಗೆ ಕೂಡುತ್ತಾರೆ. ಹೊಸದನ್ನು ಕೊಳ್ಳಬೇಕೋ, ಇನ್ನೊಂದು ವರ್ಷ ಇದನ್ನೇ ನಡೆಸಬಹುದೋ?

ದುರಸ್ತಿಗಾರರು: ಅಕ್ಕನವರೇ, ಮುಂದೆ ಓದುವ ಮೊದಲು ಎದ್ದುಹೋಗಿ ಅದರ ಪ್ಲಗ್ಗನ್ನು ಕಿತ್ತು ಬನ್ನಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ಮನೆಗಳ ವೈರಿಂಗಿನಲ್ಲಿ ಸ್ವಿಚ್ಚು ಎಷ್ಟೋ ಸಲ ನ್ಯೂಟ್ರಲ್ ತಂತಿಯ ಮೇಲಿರುತ್ತದೆ, ಆಗ ಆರಿಸಿದ ಯಂತ್ರದೊಳಗೂ ವಿದ್ಯುತ್ತು ಕಾದು ಕುಳಿತಿರುತ್ತದೆ.

ಆ ಚಿಕ್ಕ ತುಂಡಿಗೆ ಥರ್ಮಲ್ ಫ್ಯೂಸ್ ಎನ್ನುತ್ತಾರೆ. ಅದರ ಕೆಲಸ ತಿಳಿಯಬೇಕಾದರೆ ಯಂತ್ರದ ಕೆಲಸ ತಿಳಿಯಬೇಕು. ಈ ಯಂತ್ರದಲ್ಲಿ ಪಂಪು ಇಲ್ಲ. ತೊಟ್ಟಿಯ ತಣ್ಣೀರು ಒಂದೇ ದಿಕ್ಕಿಗೆ ತೆರೆಯುವ ಸಣ್ಣ ಕವಾಟದ ಮೂಲಕ ತಳದಲ್ಲಿರುವ ಅಲ್ಯೂಮಿನಿಯಂ ನಳಿಕೆಗೆ ಇಳಿಯುತ್ತದೆ. ನಳಿಕೆಗೆ ಅಂಟಿಕೊಂಡಿರುವ ಎಲಿಮೆಂಟು ಅದನ್ನು ಕುದಿಸಿದಾಗ ಎದ್ದ ಗುಳ್ಳೆಗಳು ಬಿಸಿನೀರನ್ನು ಮೇಲಕ್ಕೆ ನೂಕಿ ಪುಡಿಯ ಮೇಲೆ ಸುರಿಯುತ್ತವೆ. ಕಾಫಿಯನ್ನು ಬೆಚ್ಚಗಿಡುವ ತಟ್ಟೆಗೂ ಶಾಖ ಕೊಡುವುದು ಅದೇ ಎಲಿಮೆಂಟು. ನೀರು ಹರಿಯುವ ತನಕ ನೀರೇ ಆ ಶಾಖವನ್ನು ಹೊತ್ತೊಯ್ಯುತ್ತದೆ. ನೀರು ಮುಗಿದ ಮೇಲೆ ಶಾಖ ಏರತೊಡಗಿದಾಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿದು, ತಣಿದ ಮೇಲೆ ಮತ್ತೆ ಕೊಡುತ್ತದೆ. ಆ ಥರ್ಮೋಸ್ಟಾಟೇ ಕೆಟ್ಟು ಅದರ ಸಂಪರ್ಕಬಿಂದುಗಳು ಕೂಡಿಕೊಂಡುಬಿಟ್ಟರೆ ತಡೆಯಲು ಉಳಿಯುವುದು ಈ ಫ್ಯೂಸ್ ಒಂದೇ. ಅದು ಒಮ್ಮೆ ಕರಗಿದರೆ ಮತ್ತೆ ಕೂಡುವುದಿಲ್ಲ. ಯಂತ್ರ ಸತ್ತರೂ ಸರಿ, ಮನೆ ಉಳಿಯಲಿ ಎಂದು ಅದನ್ನು ಇಟ್ಟಿರುತ್ತಾರೆ.

ನಿಮ್ಮ ಫ್ಯೂಸ್ ಕಾರಣವಿಲ್ಲದೆ ಸುಟ್ಟಿಲ್ಲ. ನಳಿಕೆಯಲ್ಲಿ ಸುಣ್ಣ ಕಟ್ಟಿ ಶಾಖ ನೀರಿಗೆ ದಾಟದೆ ಎಲಿಮೆಂಟಿನಲ್ಲೇ ನಿಂತಿರಬೇಕು, ಅಥವಾ ಥರ್ಮೋಸ್ಟಾಟ್ ಅಂಟಿಕೊಂಡಿರಬೇಕು. ತಟ್ಟೆ ಮೊದಲಿಗಿಂತ ಹೆಚ್ಚು ಕಾಯುತ್ತಿದೆ ಎಂದಿರುವುದರಿಂದ ಎರಡನೆಯದೇ ಇರಬಹುದೆಂದು ನನಗೆ ಭಯವಾಗುತ್ತಿದೆ. ದುರಸ್ತಿ ಮಾಡಿದವರು ರೋಗವನ್ನು ಹಾಗೆಯೇ ಬಿಟ್ಟು ಕಾವಲುಗಾರನನ್ನು ಹೊರಗೆ ಹಾಕಿದ್ದಾರೆ. ಫ್ಯೂಸ್ ಬಹಳ ಅಗ್ಗದ ವಸ್ತು, ಅದರ ಮೈಮೇಲೆ ತಾಪಮಾನದ ಅಂಕಿ ಅಚ್ಚಾಗಿರುತ್ತದೆ. ಅದೇ ಅಂಕಿಯದನ್ನು ತಂದು, ಬೆಸುಗೆ ಹಾಕದೆ, ಲೋಹದ ಚಿಕ್ಕ ಕೊಳವೆಯಲ್ಲಿ ತಂತಿಗಳನ್ನು ಒತ್ತಿ ಕೂಡಿಸಬೇಕು. ಬೆಸುಗೆಯ ಕಾವಿಗೇ ಅದು ಕರಗಿಬಿಡುತ್ತದೆ. ಥರ್ಮೋಸ್ಟಾಟನ್ನೂ ಬದಲಿಸಬೇಕು. ಆದರೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದ ಮೇಲೆ ಒಳಗಿನ ತಂತಿಗಳ ಹೊದಿಕೆ ಎಷ್ಟು ಉಳಿದಿದೆಯೋ ಕಣ್ಣಿಂದ ನೋಡದೆ ಹೇಳಲಾರೆ. ಪ್ಲಗ್ ಕಿತ್ತಿರುವಿರಾ? ದಯವಿಟ್ಟು ಇಲ್ಲಿಯೇ ಬರೆದು ತಿಳಿಸಿರಿ.

ಹುಕ್ಕೇರಿ: ಸುಣ್ಣ ಕಟ್ಟುವುದಕ್ಕೆ ಸುಲಭ ಮದ್ದು ನನಗೊಂದು ಸಂದೇಶದಲ್ಲಿ ಬಂದಿದೆ. ತೊಟ್ಟಿಗೆ ಲಿಂಬೆರಸ ಮತ್ತು ತಿನ್ನುವ ಸೋಡಾ ಕೂಡಿಸಿ ಹಾಕಿದರೆ ನೊರೆಯೆದ್ದು ಎಲ್ಲವೂ ತೊಳೆದುಹೋಗುತ್ತದಂತೆ. ಹಠಮಾರಿ ಕಲೆಗೆ ಶೌಚಾಲಯದ ಆ್ಯಸಿಡ್ಡನ್ನು ನಾಲ್ಕು ಹನಿ ಸೇರಿಸಬೇಕಂತೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕಿದ್ದೇನೆ.

ದುರಸ್ತಿಗಾರರು: ಆ ಸಂದೇಶವನ್ನು ಅಳಿಸಿಹಾಕಿರಿ. ಹುಳಿಯನ್ನೂ ಸೋಡಾವನ್ನೂ ಕೂಡಿಸಿದರೆ ಒಂದರ ಬಲವನ್ನು ಇನ್ನೊಂದು ನುಂಗಿಹಾಕುತ್ತದೆ. ನೊರೆ ಕಾಣುತ್ತದೆ, ಸುಣ್ಣ ಕರಗುವುದಿಲ್ಲ. ಶೌಚಾಲಯದ ಆ್ಯಸಿಡ್ಡು ಅಲ್ಯೂಮಿನಿಯಂ ನಳಿಕೆಯನ್ನೇ ತಿಂದುಹಾಕುತ್ತದೆ, ಅದರ ಶೇಷ ಮರುದಿನ ನಿಮ್ಮ ಲೋಟಕ್ಕೆ ಬರುತ್ತದೆ. ನಾಲ್ಕು ಹನಿಯೂ ಬೇಡ, ಅರ್ಧ ಹನಿಯೂ ಬೇಡ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆ್ಯಸಿಡ್ ಪುಡಿ, ಅಂದರೆ ಅಂಗಡಿಯಲ್ಲಿ ಲಿಂಬೆ ಉಪ್ಪು ಎಂದು ಕೊಡುವುದನ್ನು ಕರಗಿಸಿ ತೊಟ್ಟಿಗೆ ಹಾಕಿ, ಅರ್ಧ ನೀರು ಇಳಿದ ಮೇಲೆ ಯಂತ್ರ ಆರಿಸಿ ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಇಳಿಸಿರಿ. ಆಮೇಲೆ ಬರೀ ನೀರಿನಿಂದ ಮೂರು ಸಲ ತೊಳೆಯಿರಿ. ತಿಂಗಳಿಗೊಮ್ಮೆ ಇಷ್ಟು ಸಾಕು.

ಜಮಖಂಡಿ: ಇಷ್ಟೆಲ್ಲ ಉಪದ್ವ್ಯಾಪ ಏಕೆಂದು ನನಗೆ ತಿಳಿಯುತ್ತಿಲ್ಲ. ಹಿತ್ತಾಳೆ ಫಿಲ್ಟರಿಗೆ ಫ್ಯೂಸಿಲ್ಲ, ಥರ್ಮೋಸ್ಟಾಟಿಲ್ಲ, ಸುಣ್ಣದ ಭಯವಿಲ್ಲ. ರಾತ್ರಿ ಹಾಕಿಟ್ಟರೆ ಬೆಳಗ್ಗೆ ಗಟ್ಟಿ ಡಿಕಾಕ್ಷನ್ ಸಿದ್ಧ.

ಶಹಾಪುರ, ಬೆಳಗಾವಿ: ರಾತ್ರಿ ಹಾಕಿಟ್ಟ ಡಿಕಾಕ್ಷನ್ನಿಗೆ ಬೆಳಗ್ಗೆ ಪರಿಮಳ ಎಲ್ಲಿ ಉಳಿಯುತ್ತದೆ? ನನ್ನ ಮಾವನವರಿಗೆ ಕೈ ನಡುಗುತ್ತದೆ. ಕುದಿನೀರನ್ನು ಫಿಲ್ಟರಿನ ಸಣ್ಣ ಬಾಯಿಗೆ ಸುರಿಯಲು ಹೋಗಿ ಎರಡು ಸಲ ಸುಟ್ಟುಕೊಂಡಿದ್ದಾರೆ. ಅಂಥವರಿಗೆ ಯಂತ್ರವೇ ಸುರಕ್ಷಿತ.

ಜಮಖಂಡಿ: ಕೈ ನಡುಗುವವರಿಗೆ ಮನೆಯವರು ಕಾಫಿ ಮಾಡಿಕೊಡಬೇಕು. ಯಂತ್ರ ತಂದಿಟ್ಟರೆ ಸೇವೆ ಮಾಡಿದಂತಾಗುವುದಿಲ್ಲ.

ಶಹಾಪುರ, ಬೆಳಗಾವಿ: ನಮ್ಮ ಮನೆಯ ಸೇವೆಯ ವಿಚಾರವನ್ನು ತಾವು ತೂಗುವುದು ಬೇಡ. ಐದಕ್ಕೆ ಎದ್ದು ಸ್ವತಃ ಕಾಫಿ ಮಾಡಿಕೊಳ್ಳಬೇಕೆಂಬುದು ಅವರದೇ ಇಚ್ಛೆ.

ಸಿಂದಗಿ: ನಮ್ಮ ಭಾಗ ಚಹಾದ ಸೀಮೆ. ಕಾಫಿಯ ಯಂತ್ರಕ್ಕಾಗಿ ಇಷ್ಟು ಜಗಳ ಏಕೆ?

ಜಮಖಂಡಿ: ಚಹಾದ ಸೀಮೆ ಎಂದವರು ನಮ್ಮ ಊರಿಗೊಮ್ಮೆ ಬನ್ನಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕಾಫಿ ಇದೆ, ಚಿಕೋರಿ ಬೆರೆಸಿದ ಪುಡಿ ಒಳಗೆ ಬಂದಿಲ್ಲ.

ದುರಸ್ತಿಗಾರರು: ಚಿಕೋರಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಉಳಿದ ವಾದವನ್ನು ದಯವಿಟ್ಟು ನಿಲ್ಲಿಸಿರಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ತೂಕದ ಶೇಕಡ 51ಕ್ಕಿಂತ ಕಡಿಮೆ ಕಾಫಿ ಇರಕೂಡದೆಂದು ನಿಯಮವಿದೆ, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರುತ್ತಾರೆ. ಚಿಕೋರಿ ನೀರು ಕುಡಿದು ಉಬ್ಬಿ ಸೋಸುವ ಕಾಗದದ ರಂಧ್ರಗಳನ್ನು ಮುಚ್ಚುತ್ತದೆ. ನೀರು ಮೇಲಿಂದ ಒಂದೇ ಸಮನೆ ಸುರಿಯುತ್ತಿರುವಾಗ ಕೆಳಗೆ ಇಳಿಯದಿದ್ದರೆ ಬುಟ್ಟಿ ಉಕ್ಕಿ ಕುದಿವ ಕಾಫಿ ಮೇಜಿನ ಮೇಲೆ ಹರಿಯುತ್ತದೆ. ಯಂತ್ರಕ್ಕೆ ಚಿಕೋರಿ ಶೇಕಡ 20ನ್ನು ಮೀರದಿರಲಿ, ಪುಡಿ ಸಣ್ಣ ರವೆಯಷ್ಟು ತರಿಯಿರಲಿ. ಕೈ ನಡುಗುವ ಹಿರಿಯರಿರುವ ಮನೆಗೆ ಯಂತ್ರ ಸರಿಯೇ, ಆದರೆ ತಾನಾಗಿ ಆರುವಂಥದ್ದನ್ನು ಮತ್ತು ಗಾಜಿನ ಬದಲು ಥರ್ಮಾಸಿನಂಥ ಸ್ಟೀಲ್ ಪಾತ್ರೆಯಿರುವುದನ್ನು ಆರಿಸಿರಿ. ಅದಕ್ಕೆ ಬಿಸಿ ತಟ್ಟೆಯೇ ಬೇಕಾಗಿಲ್ಲ, ಅರ್ಧ ಗಂಟೆ ತಟ್ಟೆಯ ಮೇಲೆ ಕುಳಿತ ಕಾಫಿಯ ಕಹಿಯೂ ಇಲ್ಲ.

ಇಂಡಿಯ ಅಕ್ಕನವರು ಇನ್ನೂ ಉತ್ತರ ಕೊಟ್ಟಿಲ್ಲ. ಅವರ ಪರಿಚಯದವರು ಗುಂಪಿನಲ್ಲಿದ್ದರೆ ಫೋನ್ ಮಾಡಿ ತಿಳಿಸಿರಿ.

ಇಳಕಲ್ಲು: ಮನೆಯ ಇನ್ವರ್ಟರಿನ ಮೇಲೆ ಈ ಯಂತ್ರ ನಡೆಯುತ್ತದೆಯೇ ಸರ್?

ಖಾನಾಪುರ: ಸರ್, ಮಗ ಅಮೆರಿಕದಿಂದ ಬರುವಾಗ ಒಳ್ಳೆಯ ಯಂತ್ರವೊಂದನ್ನು ತರುತ್ತೇನೆ ಎನ್ನುತ್ತಿದ್ದಾನೆ. 120 ವೋಲ್ಟ್, 900 ವ್ಯಾಟ್ ಎಂದಿದೆ. ಪಿನ್ ಬದಲಿಸಿದರೆ ಸಾಕೇ?

ದುರಸ್ತಿಗಾರರು: ಸಾಲದು. ತರಬೇಡವೆಂದು ಮಗನಿಗೆ ಹೇಳಿರಿ. ನಮ್ಮದು 230 ವೋಲ್ಟ್. ವೋಲ್ಟೇಜು ಹೆಚ್ಚುಕಡಿಮೆ ಎರಡರಷ್ಟಾದರೆ ಎಲಿಮೆಂಟಿನ ಶಾಖ ನಾಲ್ಕರಷ್ಟಾಗುತ್ತದೆ. ಆ 900 ವ್ಯಾಟಿನ ಎಲಿಮೆಂಟು ಇಲ್ಲಿ 3300 ವ್ಯಾಟ್ ಎಳೆದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ವೋಲ್ಟೇಜು ಇಳಿಸುವ 1500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಕೊಳ್ಳುವ ಹಣಕ್ಕೆ ಇಲ್ಲಿಯೇ ಯಂತ್ರ ಬರುತ್ತದೆ.

ಗೋಕಾಕ: ಸರ್, ಕಂಪನಿ ಯಾವುದೆಂದು ತಾವು ಹೇಳಲೇ ಇಲ್ಲ.

ದುರಸ್ತಿಗಾರರು: ಮೇಲೆ ಉತ್ತರಿಸಿದ್ದೇನೆ.

ಮುಧೋಳ: ನಮ್ಮ ಹಳ್ಳಿಯಲ್ಲಿ ಬೆಳಗ್ಗೆ ಪಂಪ್‌ಸೆಟ್ಟುಗಳು ನಡೆಯುವ ಹೊತ್ತಿಗೆ ವೋಲ್ಟೇಜು 180ಕ್ಕೆ ಇಳಿಯುತ್ತದೆ. ಆಗ ಕಾಫಿ ಕಹಿಯಾಗುವುದೇಕೆ?

ದುರಸ್ತಿಗಾರರು: ಒಳ್ಳೆಯ ಪ್ರಶ್ನೆ. 180 ವೋಲ್ಟಿನಲ್ಲಿ 900 ವ್ಯಾಟಿನ ಎಲಿಮೆಂಟು ಸುಮಾರು 550 ವ್ಯಾಟಿನದಾಗಿಬಿಡುತ್ತದೆ. ನೀರು ಕುದಿಯದೆ ಮೇಲೇರುವುದಿಲ್ಲವಾದ್ದರಿಂದ ಬಿಸಿ ಅಷ್ಟೇ ಇರುತ್ತದೆ, ಆದರೆ ಐದಾರು ನಿಮಿಷದಲ್ಲಿ ಇಳಿಯಬೇಕಾದದ್ದು ಹತ್ತು ನಿಮಿಷ ಹಿಡಿಯುತ್ತದೆ. ಪುಡಿ ಅಷ್ಟು ಹೊತ್ತು ನೆನೆದು ಬೇಡದ ಕಹಿಯನ್ನೂ ಬಿಡುತ್ತದೆ. ತುಸು ತರಿ ಪುಡಿ ಹಾಕಿ ನೋಡಿರಿ, ಸ್ಟೆಬಿಲೈಸರಿಗೆ ಹಣ ಹಾಕಬೇಡಿರಿ.

ಹುಕ್ಕೇರಿ: ತಾವು ಎಲ್ಲದಕ್ಕೂ ಬೇಡವೆನ್ನುತ್ತೀರಿ. ತೊಟ್ಟಿಗೆ ನೀರಿನ ಬದಲು ಹಾಲನ್ನೇ ಹಾಕಿದರೆ ನೇರವಾಗಿ ಹಾಲಿನ ಕಾಫಿ ಇಳಿಯುತ್ತದೆ ಎಂಬ ವಿಡಿಯೋವನ್ನು ಸಾವಿರಾರು ಜನ ನೋಡಿದ್ದಾರೆ. ಅವರೆಲ್ಲ ತಿಳಿಯದವರೇ?

ದುರಸ್ತಿಗಾರರು: ನೋಡಿದವರು ಸಾವಿರ ಇರಬಹುದು, ಹಾಲು ನಳಿಕೆಯಲ್ಲಿ ಸೀದು ಕಟ್ಟಿಕೊಂಡ ಯಂತ್ರಗಳನ್ನು ಬಿಚ್ಚಿದವನು ನಾನು. ಸೀದ ಹಾಲು ಯಾವ ಹುಳಿಗೂ ಬಿಡುವುದಿಲ್ಲ. ಪರೀಕ್ಷಿಸದ ಉಪಾಯಗಳನ್ನು ಇನ್ನು ಮುಂದೆ ಇಲ್ಲಿ ಹಾಕಬೇಡಿರಿ.

ಹುಕ್ಕೇರಿ: ಒಳ್ಳೆಯದಾಗಲೆಂದು ಹಾಕಿದವರ ಮೇಲೆ ಸಿಟ್ಟಾಗುವ ಅಗತ್ಯವಿರಲಿಲ್ಲ.

ಜಮಖಂಡಿ: ಸಿಟ್ಟು ಸರಿಯಾಗಿಯೇ ಇದೆ. ತಾವು ಆ್ಯಸಿಡ್ ಕುಡಿಸಲು ಹೊರಟಿದ್ದಿರಿ.

ಇಳಕಲ್ಲು: ನನ್ನ ಇನ್ವರ್ಟರಿನ ಪ್ರಶ್ನೆ ಹಾಗೆಯೇ ಉಳಿಯಿತು ಸರ್.

ಇಂಡಿ: ಅಣ್ಣನವರೇ, ಕ್ಷಮಿಸಿರಿ, ಅಡುಗೆಯಲ್ಲಿದ್ದೆ. ಪ್ಲಗ್ ಕಿತ್ತಿದ್ದೇನೆ. ಯಂತ್ರವನ್ನು ಮಗುಚಿ ನೋಡಿದೆವು, ತಳದ ಪ್ಲಾಸ್ಟಿಕ್ ಒಂದು ಕಡೆ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿ ಒಳಕ್ಕೆ ಬಾಗಿದೆ. ಅತ್ತೆಯವರಿಗೆ ತೋರಿಸಿದ್ದೇನೆ.

ದುರಸ್ತಿಗಾರರು: ಹಾಗಿದ್ದರೆ ಅದನ್ನು ದುರಸ್ತಿ ಮಾಡಿಸಬೇಡಿರಿ ಅಕ್ಕನವರೇ. ವೈರನ್ನು ಬುಡದಲ್ಲಿ ಕತ್ತರಿಸಿಹಾಕಿರಿ, ಗುಜರಿಗೆ ಹೋದ ಮೇಲೂ ಯಾರೂ ಅದನ್ನು ಹಚ್ಚಬಾರದು. ಆ ಪ್ಲಗ್ಗು ಸಿಕ್ಕಿಸುತ್ತಿದ್ದ ಸಾಕೆಟ್ಟಿನ ಒಳಗೂ ಕಪ್ಪಾಗಿದೆಯೇ ಎಂದು ಇಲೆಕ್ಟ್ರಿಶಿಯನ್ನರಿಂದ ನೋಡಿಸಿರಿ. ಹೊಸದು ಬರುವ ತನಕ ಅತ್ತೆಯವರಿಗೆ ನಾಳೆ ಬೆಳಗ್ಗೆ ಫಿಲ್ಟರಿನಲ್ಲಿ ಕಾಫಿ ಮಾಡಿಕೊಡಿರಿ. ಹೊಸದನ್ನು ಕೊಳ್ಳುವ ಮೊದಲು ನಿಮ್ಮ ಮನೆಯ ನೀರು ಯಾವುದೆಂದು ನನಗೆ ತಿಳಿಸಿರಿ.

ಇಂಡಿ: ಬೋರಿನ ನೀರು, ಅಣ್ಣನವರೇ. ಆರಂಭದಿಂದಲೂ ಅದನ್ನೇ ಹಾಕುತ್ತಿದ್ದೆವು.