ಕನ್ಸರ್ವೇಷನ್ ಏರಿಯಾದ ಮನೆ: ರಸ್ತೆ ಕಡೆಯ ಚಾವಣಿಗೆ ಸೋಲಾರ್ ಹಾಕಲು ಪ್ಲಾನಿಂಗ್ ಪರ್ಮಿಷನ್ ಬೇಕಾ?

ಪ್ರಶ್ನೆ:
ನಮಸ್ಕಾರ. ಇಂಗ್ಲೆಂಡಿನಲ್ಲಿ ಒಂದು ಹಳೇ ಮನೆ ತಗೊಂಡಿದ್ದೇವೆ. ಕನ್ಸರ್ವೇಷನ್ ಏರಿಯಾದಲ್ಲಿದೆ, ಅಂದರೆ ಹಳೇ ರೂಪ ಉಳಿಸಲು ಕೌನ್ಸಿಲ್ (ಸ್ಥಳೀಯ ಆಡಳಿತ) ಗುರುತಿಸಿದ ಪ್ರದೇಶದಲ್ಲಿ. ಬಿಸಿಲು ಚೆನ್ನಾಗಿ ಬೀಳುವುದು ರಸ್ತೆ ಕಡೆಗಿರುವ ದಕ್ಷಿಣದ ಇಳಿಜಾರಿನ ಮೇಲೆ ಮಾತ್ರ. ಕೊಟೇಶನ್ ಕೊಡಲು ಬಂದವರು "ರಸ್ತೆಗೆ ಕಾಣುವ ಕಡೆ ಕೌನ್ಸಿಲ್‌ನ ಪ್ಲಾನಿಂಗ್ ಪರ್ಮಿಷನ್ ಇಲ್ಲದೆ ಆಗಲ್ಲ" ಅಂದರು. ಹಾಗಾದರೆ ಹಿತ್ತಲಲ್ಲಿ ಸ್ಟ್ಯಾಂಡ್ ಮೇಲೆ ಇಡಬಹುದಾ?

ಉತ್ತರ 1:
ಅವರ ಮಾತಿಗೇ ಕೈಬಿಡಬೇಡಿ. ತುಂಬಾ ಜನ ಇಲ್ಲೇ ಎಡವುತ್ತಾರೆ. ಕನ್ಸರ್ವೇಷನ್ ಏರಿಯಾದಲ್ಲಿ ನಿಯಮ ತಡೆಯುವುದು ರಸ್ತೆಗೆ ಮುಖ ಮಾಡಿದ ಗೋಡೆಯ ಮೇಲೆ ಪ್ಯಾನೆಲ್ ಹಾಕುವುದನ್ನು. ಇಳಿಜಾರು ಚಾವಣಿಯನ್ನಲ್ಲ. ಅದು ರಸ್ತೆ ಕಡೆಗಿದ್ದರೂ ಸಾಮಾನ್ಯವಾಗಿ ಪರ್ಮಿಟೆಡ್ ಡೆವಲಪ್‌ಮೆಂಟ್ ಒಳಗೇ ಬರುತ್ತದೆ, ಅಂದರೆ ಪ್ಲಾನಿಂಗ್ ಅರ್ಜಿ ಬೇಡ.

ಷರತ್ತುಗಳಿವೆ. ಪ್ಯಾನೆಲ್ ಚಾವಣಿಯ ಮೇಲ್ಮೈಯಿಂದ 200 ಮಿ.ಮೀ.ಗಿಂತ ಜಾಸ್ತಿ ಹೊರಗೆ ಚಾಚಬಾರದು, ಚಾವಣಿಯ ತುದಿಗಿಂತ ಮೇಲೆ ಹೋಗಬಾರದು. ಚಿಮಣಿ ಲೆಕ್ಕಕ್ಕಿಲ್ಲ. ಆದಷ್ಟು ಕಣ್ಣಿಗೆ ಹೊಡೆಯದ ಹಾಗೆ ಕೂರಿಸಬೇಕು, ಬಳಕೆ ನಿಂತ ಮೇಲೆ ತೆಗೆಯಬೇಕು.

ನಿಮ್ಮ ಮನೆ ಲಿಸ್ಟೆಡ್ ಬಿಲ್ಡಿಂಗ್ (ಐತಿಹಾಸಿಕ ಮಹತ್ವಕ್ಕಾಗಿ ಅಧಿಕೃತ ಪಟ್ಟಿಗೆ ಸೇರಿದ ಕಟ್ಟಡ) ಆಗಿದ್ದರೆ, ಅಥವಾ ಅಂಥ ಕಟ್ಟಡದ ಆವರಣದೊಳಗಿದ್ದರೆ, ಈ ಅನುಕೂಲ ಸಿಗುವುದಿಲ್ಲ. ಇನ್ನೊಂದು ಆರ್ಟಿಕಲ್ 4 ಡೈರೆಕ್ಷನ್. ಕೌನ್ಸಿಲ್ ಅದನ್ನು ಹೊರಡಿಸಿ ನಿಮ್ಮ ಬೀದಿಗೆ ಈ ಹಕ್ಕನ್ನೇ ತೆಗೆದಿರಬಹುದು. ಕೌನ್ಸಿಲ್‌ಗೆ ಬರೆದು ಇವೆರಡನ್ನೇ ನೇರವಾಗಿ ಕೇಳಿ. "ಸೋಲಾರ್ ಹಾಕಬಹುದಾ" ಅಂತ ಸುಮ್ನೆ ಕೇಳಿದರೆ ಸುಮ್ನೆ ಉತ್ತರವೇ ಬರುತ್ತದೆ.

ಹಿತ್ತಲಿನದು ಇನ್ನೂ ಕಷ್ಟ. ಒಂದೇ ಸ್ಟ್ಯಾಂಡ್, 4 ಮೀಟರ್ ಎತ್ತರ, 9 ಚದರ ಮೀಟರ್ ಪ್ಯಾನೆಲ್, ಇಷ್ಟೇ ಮಿತಿ. ಬೇಲಿಯಿಂದ 5 ಮೀಟರ್ ದೂರವೂ ಇರಬೇಕು. ಚಿಕ್ಕ ಹಿತ್ತಲಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ?

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಲಿಸ್ಟೆಡ್ ಅಲ್ಲ, ಆರ್ಟಿಕಲ್ 4 ಕೂಡ ಇಲ್ಲ ಅಂತ ಕೌನ್ಸಿಲ್‌ನಿಂದ ಉತ್ತರ ಬಂತು. ಮುಂದೆ ಮನೆ ಮಾರುವಾಗ ತೊಂದರೆ ಆಗಲ್ವಾ? ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಇನ್ವರ್ಟರ್ 5 ಕಿಲೋವ್ಯಾಟ್‌ನದು ಹಾಕಿಸುವ ಯೋಚನೆ ಇದೆ.

ಉತ್ತರ 2:
ಮಾರುವಾಗ ತೋರಿಸಲು ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ತಗೊಳ್ಳಿ. ಈ ಕೆಲಸ ಕಾನೂನಿನ ಪ್ರಕಾರವೇ ಇದೆ ಅಂತ ಕೌನ್ಸಿಲ್ ಕೊಡುವ ಪತ್ರ ಅದು. ಕಡ್ಡಾಯವಲ್ಲ. ಆದರೆ ಕನ್ಸರ್ವೇಷನ್ ಏರಿಯಾದಲ್ಲಿ ನಾನಂತೂ ತಗೊಳ್ಳಿ ಅಂತಲೇ ಹೇಳುತ್ತೇನೆ. ಕೊಳ್ಳುವವರ ಸಾಲಿಸಿಟರ್ (ವಕೀಲರು) ಕೇಳಿದರೆ ಕೈಯಲ್ಲಿ ಕಾಗದ ಇರುತ್ತದೆ. ಕೆಲಸಕ್ಕೆ ಮೊದಲೇ ಅರ್ಜಿ ಹಾಕಿದರೆ ಶುಲ್ಕ ಪ್ಲಾನಿಂಗ್ ಅರ್ಜಿಯ ಅರ್ಧ.

ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡದ ಸುರಕ್ಷತೆಯ ನಿಯಮಗಳು, ಬೇರೆ ವಿಷಯ, ಅದು ಇದ್ದೇ ಇರುತ್ತದೆ. ಹಳೇ ಮರದ ತೊಲೆಗಳು ಭಾರ ತಡೆಯುತ್ತವಾ ಅಂತ ಮೊದಲು ನೋಡಿಸಿ.

ಇನ್ವರ್ಟರ್ ವಿಷಯದಲ್ಲಿ ಹುಷಾರು. ಸಿಂಗಲ್ ಫೇಸ್‌ನಲ್ಲಿ 3.68 ಕಿಲೋವ್ಯಾಟ್‌ವರೆಗೆ ವಿದ್ಯುತ್ ಜಾಲಕ್ಕೆ ಜೋಡಿಸುವ ಜಿ98 ನಿಯಮ: ಹಾಕಿದ ಮೇಲೆ 28 ದಿನದೊಳಗೆ ನಿಮ್ಮ ಭಾಗದ ವಿದ್ಯುತ್ ಜಾಲದ ಕಂಪನಿಗೆ ತಿಳಿಸಿದರೆ ಸಾಕು. 5 ಕಿಲೋವ್ಯಾಟ್ ಆದರೆ ಜಿ99. ಮೊದಲೇ ಅರ್ಜಿ ಹಾಕಿ ಅವರ ಒಪ್ಪಿಗೆ ಪಡೆಯಬೇಕು. ಅದು ಕೈಗೆ ಬರುವ ಮೊದಲು ಸ್ಕ್ಯಾಫೋಲ್ಡಿಂಗ್‌ಗೆ (ಚಾವಣಿ ಕೆಲಸಕ್ಕೆ ಕಟ್ಟುವ ಅಟ್ಟಣಿಗೆಗೆ) ದಿನ ಗೊತ್ತು ಮಾಡಬೇಡಿ.