ಸಮಸ್ಯೆ: "ಉರಿವ ಬೆಂಕಿಯ ಕುಡಿದು ಹಾರಿತೈ ಚಿಟ್ಟೆ"

ಕಾನುಬೇಲಿ: ಆಶ್ವಯುಜ ಬಂತು, ಮಲೆನಾಡಲ್ಲಿ ಮಳೆ ಹಿಂದೆ ಸರಿದಿದೆ. ಈ ಸಲದ ಸಾಲು ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ಉಳಿದ ಮೂರು ಸಾಲು ಬರೆದು ಪದ್ಯ ಪೂರ್ತಿ ಮಾಡಿ. ಚೌಪದಿ: 1, 3ನೇ ಸಾಲಿಗೆ 5 ಮಾತ್ರೆಯ 4 ಗಣ (ಗುಂಪು); 2, 4ಕ್ಕೆ ಅಂಥ 3 ಗಣ, ಕೊನೆಗೆ 3 ಮಾತ್ರೆ. ಆದಿಪ್ರಾಸ ಬೇಕು, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ. ಇನ್ನೊಂದು ಷರತ್ತು, ಈ ಕಾಲದಲ್ಲಿ ಕಾಡಂಚಲ್ಲಿ ನಿಜವಾಗಿ ಕಾಣುವುದನ್ನೇ ಬರೆಯಬೇಕು.

ಹೊಸಚಿಗುರು: ಮೊದಲ ಪ್ರಯತ್ನ, ಒಂದೇ ಸಾಲು ಆಗಿದೆ. "ಕಾರಿರುಳ ಕಾಡಿನಲಿ ಮಿಂಚುಹುಳ ಮಿನುಗಿರಲು". ಮುಂದುವರಿಸಲಾ?

ಕಾನುಬೇಲಿ: ಮಾತ್ರೆ ಸರಿಯಾಗಿ ಕೂತಿದೆ, ಓದೋಕೆ ಚೆನ್ನಾಗಿದೆ. ಆದರೆ "ಉರಿವ"ದಲ್ಲಿ ಮೊದಲ ಅಕ್ಷರ ಲಘು (ಒಂದು ಮಾತ್ರೆ), ನಿಮ್ಮ "ಕಾ" ಗುರು (ಎರಡು ಮಾತ್ರೆ). ಹಾಗಾಗಿ ರಕಾರ ಇದ್ದರೂ ಪ್ರಾಸ ಕೂಡುವುದಿಲ್ಲ. ಮತ್ತೆ ನಮ್ಮ ಘಟ್ಟದಲ್ಲಿ ಮರಕ್ಕೆ ಮರವೇ ಮಿನುಗುವಷ್ಟು ಮಿಂಚುಹುಳ ಬರುವುದು ಮುಂಗಾರಿಗೆ ಸ್ವಲ್ಪ ಮುಂಚೆ, ಮೇ-ಜೂನ್ ಹೊತ್ತಿಗೆ. ಚಿಟ್ಟೆ ಹಗಲಿನದು ಬೇರೆ. ಬಿಡಬೇಡಿ, ಇನ್ನೊಮ್ಮೆ ಬರೆಯಿರಿ.

ತುಂಬೆಹೂ: ನನ್ನದು.

ಸುರಿವ ಮಳೆ ನಿಂತೊಡನೆ ಕಾನಂಚ ಬೇಲಿಯಲಿ
ಹರಡಿ ಗೌರಿಯ ಬಳ್ಳಿ ಹೊತ್ತಿಸಿತು ಕಿಚ್ಚ
ಕರಕಾಗಲಿಲ್ಲ ಮೈ, ಕಪ್ಪು ರೆಕ್ಕೆಯ ಬಡಿದು
ಉರಿವ ಬೆಂಕಿಯ ಕುಡಿದು ಹಾರಿತೈ ಚಿಟ್ಟೆ

ಗೌರಿ ಹಬ್ಬಕ್ಕೆ ಕೊಯ್ದು ಉಳಿದ ಹೂಗಳು ನಮ್ಮ ಬೇಲಿಯಲ್ಲಿ ಇನ್ನೂ ಇವೆ. ಬೆಳಿಗ್ಗೆ ಹತ್ತಿರ ಕೂತು ನೋಡಿದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿದೆ, ಆರು ಎಸಳೂ ಹಿಂದಕ್ಕೆ ಮಡಚಿ ಮೇಲೆ ನಿಂತಿವೆ, ಅಂಚು ಗಾಳಿಗೆ ನಲುಗುವ ಉರಿಯ ಹಾಗೆ ಸುಕ್ಕುಸುಕ್ಕು. ಹೊಸ ಹೂ ಹಸಿರು, ಆಮೇಲೆ ಹಳದಿ, ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಇದ್ದವು.

ಕಾನುಬೇಲಿ: "ಹೊತ್ತಿಸಿತು ಕಿಚ್ಚ" ತುಂಬಾ ಇಷ್ಟವಾಯಿತು. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಅನ್ನುವ ಕಡು ವಿಷ ಇದೆ, ಮಕ್ಕಳು ಅಗೆಯದ ಹಾಗೆ ನೋಡಿಕೊಳ್ಳಿ. ಅಂಥ ಗಿಡದಲ್ಲೂ ಚಿಟ್ಟೆಗೆ ಜೇನು ಸಿಗುತ್ತದೆ, ಅಲ್ವಾ!

ಹೊಳೆದಂಡೆ: ನಾನು ಹೂವು ಬಿಟ್ಟು ಮರಳಿಗೆ ಹೋದೆ.

ಸರಿದ ಮುಗಿಲಿನ ಸಂದಿನಿಂದಿಳಿದ ಬಿಸಿಲೊಂದು
ತೊರೆಯ ಮರಳೊದ್ದೆಯಲಿ ಕೆಂಡವಾಗಿತ್ತು
ಅರೆಚಣವು ಸೊಂಡಿಲನು ನೀರಿನೊಳಗದ್ದಿಟ್ಟು
ಉರಿವ ಬೆಂಕಿಯ ಕುಡಿದು ಹಾರಿತೈ ಚಿಟ್ಟೆ

ಒದ್ದೆ ಮರಳಿನ ಮೇಲೆ ಗುಂಪಾಗಿ ಕೂರುವ ಚಿಟ್ಟೆಗಳು ಹೆಚ್ಚಾಗಿ ಗಂಡು. ಅವುಗಳಿಗೆ ಬೇಕಿರುವುದು ನೀರಿಗಿಂತ ಅದರಲ್ಲಿ ಕರಗಿದ ಉಪ್ಪು.

ತುಂಬೆಹೂ: ಬಿಸಿಲನ್ನೇ ಕುಡಿಸಿಬಿಟ್ಟಿರಿ! ನನ್ನದಕ್ಕಿಂತ ಇದೇ ಮೇಲು.

ಹೊಸಚಿಗುರು: ಇಗೋ, ರಾತ್ರಿಯೆಲ್ಲ ಬೆರಳೆಣಿಸಿ ಬರೆದೆ.

ಮರಳಿ ಮಲೆಗೇರುತಿರೆ ದಂಡುಗಳು ದಣಿವಾಗಿ
ಅರಳಿದ್ದ ಹಳದಿ ಹೂ ಕಿಡಿಯಂತೆ ಕಂಡು
ತಿರುಗಿ ತಿರುಗಿಳಿದೊಂದು ಹೆದರದೇ ಬಾಯಿಟ್ಟು
ಉರಿವ ಬೆಂಕಿಯ ಕುಡಿದು ಹಾರಿತೈ ಚಿಟ್ಟೆ

ಮುಂಗಾರು ಶುರುವಾಗುವಾಗ ಬಯಲುಸೀಮೆ ಕಡೆ ಇಳಿದ ಬ್ಲೂ ಟೈಗರ್ ಚಿಟ್ಟೆಗಳು ಅಕ್ಟೋಬರ್-ನವೆಂಬರ್‌ನಲ್ಲಿ ಘಟ್ಟಕ್ಕೆ ವಾಪಸ್ ಬರುತ್ತವಲ್ಲ, ಅದೇ.

ಕಾನುಬೇಲಿ: ಪ್ರಾಸ, ಮಾತ್ರೆ, ಕಾಲ ಮೂರೂ ಸರಿ. "ತಿರುಗಿ ತಿರುಗಿಳಿದೊಂದು" ಅನ್ನುವಾಗ ಚಿಟ್ಟೆ ಇಳಿಯುವ ಲಯವೇ ಬಂದಿದೆ. ನನಗೆ ನಿಜಕ್ಕೂ ಖುಷಿಯಾಯಿತು.

ಮುಂದಿನ ಸಾಲು: "ಸೂಜಿಯಿಲ್ಲದೆ ಎಲೆಯ ಹೊಲಿದಿತ್ತು ಕೂಸು". ಪ್ರಾಸಕ್ಕೆ ಬೀಜ, ಜಾಜಿ, ತೇಜ ಇವೆ. ಚಗಳಿ ಇರುವೆಯ ಗೂಡನ್ನು ಹತ್ತಿರದಿಂದ ನೋಡಿದವರಿಗೆ ಸುಳಿವು ಬೇಕಾಗಲಿಕ್ಕಿಲ್ಲ.

ಹೊಳೆದಂಡೆ: ಮರಿಯನ್ನೇ ಬಾಯಲ್ಲಿ ಕಚ್ಚಿ ಹಿಡಿದು ಅದರ ನೂಲಿನಿಂದ ಎಲೆ ಅಂಟಿಸುವುದು! ನಾಳೆಯೊಳಗೆ ಬರೆಯುತ್ತೇನೆ.